ಚಿಮಟ

ವಿರಾಜಪೇಟೆಯ ಗಡಿಯಾರ ಕಂಬದಿಂದ ನಾಲ್ಕು ಹೆಜ್ಜೆ,
ಒಬ್ಬರೇ ಕೂರಬಲ್ಲಷ್ಟು ಅಂಗಡಿ.
ಮೊಯ್ದು ಕಾಕ ಅಲ್ಲಿ ಮೂವತ್ತೆಂಟು ವರ್ಷ
ಎಡಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ಊರಿನ ಹೊತ್ತನ್ನು ಬಿಚ್ಚಿ, ಒರೆಸಿ, ಜೋಡಿಸಿದರು.

ಈಗ ಬಲಗೈ ನಡುಗುತ್ತದೆ.
ಮೊದಲು ಹೇಳಿದ್ದು ಚಹಾದ ಸಾಸರು,
ಆಮೇಲೆ ಮೈಸೂರಿನ ಡಾಕ್ಟರು.

ಅಂಗಡಿಯ ಬಾಗಿಲು ಎಳೆದ ದಿನ ನನ್ನನ್ನು ಕರೆದು
ಕೂದಲನ್ನೂ ಸೀಳಬಲ್ಲ ಚಿಮಟ ಕೊಟ್ಟರು:
“ನಿನ್ನ ಮೀನಿನ ಮೊಟ್ಟೆಗೆ ಆದೀತು, ತಕೊ.
ಕಾಲಿನ ಮುಳ್ಳುಗಿಳ್ಳು ಕಿತ್ತು ಹಾಳು ಮಾಡಬೇಡ.”

*

ಮೀನು ಬಂದದ್ದು ಬಿಟ್ಟಂಗಾಲದ ಗದ್ದೆತೋಡಿನಿಂದ,
ತೋಲನ ಕೂಳಿಯಲ್ಲಿ. ಬೆರಳುದ್ದ, ನೀಲಿ ಗೆರೆ.
ಹೆಸರೇನೆಂದರೆ ತೋಲ ನಗುತ್ತಾನೆ: “ಮೀನೇ.”
ನಾನು ಓದಿ ಓದಿ ಕಲಿತದ್ದನ್ನು ಅವನು
ಮೊಣಕಾಲು ನೀರಲ್ಲಿ ನಿಂತೇ ಹೇಳಿಬಿಟ್ಟ:
“ಒಂದಕ್ಕೆ ಗಾಯ ಆದ್ರೆ ಮುಗೀತು ಅಕ್ಕ.
ತೊಗಲು ನೀರಿಗೆ ಹೇಳ್ತದೆ, ನೀರು ಉಳಿದವಕ್ಕೆ.
ಮತ್ತೆ ಸಂಜೆವರೆಗೆ ಈ ಗುಂಡಿ ಖಾಲಿ.”

*

ಮೊಟ್ಟೆಯ ಸಿಪ್ಪೆ ಸುಲಿದರೆ ಗಾಜಿನ ಮರಿ.
ಮುಚ್ಚುಮರೆಯಿಲ್ಲ, ಮಿದುಳು ಕಟ್ಟುವುದು ಕಾಣುತ್ತದೆ.
ಒಳಗೋಡೆಯಲ್ಲಿ ಹುಟ್ಟಿದ ಕೋಶ
ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿಯಂತೆ
ಒಂದು ಕಂಬ ತಬ್ಬಿ ಏರುತ್ತದೆ,
ತನ್ನ ಜಾಗ ಬಂದಾಗ ಕೈಬಿಡುತ್ತದೆ.
ಜಾಗ ಬಂತೆಂದು ಹೇಳಿದವರಾರು?
ಇದೊಂದು ಪ್ರಶ್ನೆಗೆ ನನ್ನ ಏಳು ವರ್ಷ ಹೋಗಿದೆ.

ಆಮೇಲೆ ಎಳೆಯೊಂದು ಚಾಚಿ ತಡಕುತ್ತದೆ.
ಇತ್ತ ಒಂದು ರುಚಿ: ಬಾ.
ಅತ್ತ ಇನ್ನೊಂದು: ಬೇಡ.
ಕೊನೆಗೆ ಎಳೆಗೂ ಎಳೆಗೂ ನಡುವೆ ಉಳಿಯುವುದು
ಕೂದಲಿನ ಸಾವಿರದೊಂದು ಪಾಲಿಗಿಂತ ಕಿರಿದು ಸಂದು.
ಅದಕ್ಕೆ ಸಂಕ ಹಾಕುವವರಿಲ್ಲ.
ಈಚೆಯಿಂದ ಒಂದು ತೊಟ್ಟು ಬಿಡಬೇಕು, ಆಚೆ ಯಾರೋ ಕಾದಿರಬೇಕು.

ಗಾಬಾ ಎಂಬ ರಸವಂತೂ ವಿಚಿತ್ರ:
ಎಳೆಯ ಕೋಶಕ್ಕೆ ಅದು “ಏಳು”,
ಬಲಿತದ್ದಕ್ಕೆ ಅದೇ “ಸುಮ್ಮನಿರು”.
ನಮ್ಮಮ್ಮನ “ಹೂಂ” ಇದ್ದಂತೆ. ಹೇಳಿದ್ದು ಒಂದೇ,
ಕೇಳುವ ಕಿವಿಯ ವಯಸ್ಸು ಬೇರೆ.

*

ಹೂಮಳೆ ಬಿದ್ದು ತೋಟಗಳೆಲ್ಲ ಬೆಳ್ಳಗಾದ ವಾರ,
ಊರೆಲ್ಲ ಬ್ಯಾಕಿಂಗ್ ಮಳೆಯ ಲೆಕ್ಕದಲ್ಲಿದ್ದಾಗ
ನಾನು ದೊಡ್ಡ ಮೀನುಗಳಿಗೆ ವಿಷ ಹಾಕಿದೆ.
ಅಳತೆಯ ವಿಷ, ಡೋಪಮಿನ್ ಕೋಶಗಳಷ್ಟೇ ಸಾಯಬೇಕು.
ಸತ್ತವು.
ತೊಟ್ಟಿಯ ಮೂಲೆ ಹಿಡಿದ ಮೀನು
ಬಾಲ ಆಡಿಸುವ ಮುಂಚೆ ಯೋಚಿಸತೊಡಗಿತು.
ಆ ಸಂಜೆ ಕಾಕನ ಮನೆಯಿರುವ ದಾರಿ ಬಿಟ್ಟು
ಸುತ್ತು ಹಾಕಿ ನಡೆದೆ.

ಎಂಟನೇ ವಾರ ಈಜಿದವು, ಎಲ್ಲವೂ ಅಲ್ಲ, ಕೆಲವು.
ಸತ್ತದ್ದು ಎದ್ದು ಬಂದದ್ದಲ್ಲ;
ಅದೇ ಹಳೆಯ ಕಂಬದ ಬುಡದಲ್ಲಿ
ಹೊಸ ಕೋಶ ಒಡೆದಿತ್ತು.

ಕಾಕನಿಗೆ ಹೇಳಿದೆ. ತುಸು ತಡೆದು ಅಂದರು:
“ಅಂದ್ರೆ ಮೀನಿನ ಒಳಗೇ ಸ್ಪೇರ್ ಪಾರ್ಟ್ ಉಂಟು.
ಹಳೆ ಎಚ್ಚೆಮ್ಟಿಗೆ ಸಿಗದೆ ನಾನು ಕೋಯಿಕ್ಕೋಡಿನವರೆಗೆ ಹೋಗಿದ್ದೆ.”
ಮನುಷ್ಯರಿಗೆ? ಎಂದು ಅವರು ಕೇಳಲಿಲ್ಲ.
ನಾನು ಬೇಗ ಬೇಗ ಚಹಾ ಮುಗಿಸಿದೆ.

*

ನೋಡಬೇಕು ಅಂದರು. ಕರೆತಂದೆ.
ಕೈ ಮೇಜಿಗೆ ತಾಗಿದೊಡನೆ
ಸೂಕ್ಷ್ಮದರ್ಶಕದ ಲೋಕವೆಲ್ಲ ಅದುರಿತು.
ಕೈಯನ್ನು ತೊಡೆಯ ಕೆಳಗಿಟ್ಟು ಕುಳಿತು,
ಅದೇ ಎಡಗಣ್ಣು ಇಟ್ಟರು.

ಒಂದು ದಿನದ ಮರಿ. ಸುಮ್ಮನಿದ್ದು, ಒಮ್ಮೆಲೇ ಮೈ ಸುರುಳಿ.
ಮತ್ತೆ ಸುಮ್ಮನೆ. ಮತ್ತೆ ಸುರುಳಿ.
ಎಣಿಸುತ್ತಿದ್ದಾರೆಂದು ತಡವಾಗಿ ತಿಳಿಯಿತು.
“ನಿಮಿಷಕ್ಕೆ ಒಂಬತ್ತು. ನಿನ್ನೆ?”
“ಇಪ್ಪತ್ತರ ಮೇಲೆ.”
“ಸ್ಲೋ ಹೋಗ್ತಾ ಉಂಟು.”
“ಹಾಗೇ ಹೋಗಬೇಕು ಕಾಕಾ, ಬೆಳೀತಾ ಉಂಟು.”

ತಲೆಯೆತ್ತದೆ ಮೇಜಿನ ಮೇಲೆ ತಡವರಿಸಿ
ಚಿಮಟ ಎತ್ತಿ ಬೆಳಕಿಗೆ ಹಿಡಿದರು.
“ಮುಳ್ಳು ಕಿತ್ತಿದ್ದೀ.”
ಒಂದೇ ಒಂದು ಸಲ, ಎಂದೆ.

ಬಾಗಿದ ತುದಿಯನ್ನು ಅರದ ಅಂಚಿಗೆ ಒತ್ತಲು
ಮೂರು ಸಲ ನೋಡಿದರು, ಮೂರು ಸಲ ಜಾರಿತು.
ನಾನು ಅವರ ಮಣಿಕಟ್ಟು ಹಿಡಿದೆ.
ಎಷ್ಟು ಒತ್ತಬೇಕೆಂದು
ಅವರೇ ತಿದ್ದಿದರು.