ಕೈಯ ಹಿಂಬದಿ

ಟ್ರಕ್ಕಿನ ಬೆನ್ನಿಗೆ ಗುಡಾರಕ್ಕಿಂತ ಮೊದಲು
ಏರುವುದು ಸಲಿಕೆ.
ಆಮೇಲೆ ಕೊಡಲಿ. ಆಮೇಲೆ
ತಳಕ್ಕೆ ಎರಡು ಸಲ ಬೆಸುಗೆ ಕಂಡ ತಗಡಿನ ಬಕೆಟ್ಟು.
ಅದರೊಳಗೆ ಏನೂ ತುರುಕುವಂತಿಲ್ಲ, ಒಂದು ಈರುಳ್ಳಿಯನ್ನೂ.
"ಖಾಲಿಯಿದ್ದರೇ ಅದು ಬಕೆಟ್ಟು," ಎನ್ನುತ್ತಾಳೆ ಡ್ಯಾಗ್ನಿ ಅತ್ತೆ,
"ತುಂಬಿದರೆ ಬರೀ ಚೀಲ."

ಆಗಸ್ಟ್. ಪೂರ್ವ ಒರೆಗಾನಿನ ಗುಡ್ಡಗಳಲ್ಲಿ
ಹುಲ್ಲು ತುಳಿದರೆ ಗಾಜಿನ ಸದ್ದು.
ನನಗೆ ಹನ್ನೊಂದು. ತೊಡೆಯ ಮೇಲೆ ಮಾರ್ಷ್‌ಮ್ಯಾಲೋ ಪೊಟ್ಟಣ.
ಈ ಸಲ ಬೆಂಕಿಯೇ ಇಲ್ಲವೆಂದು ಗೊತ್ತಾದದ್ದು
ಅರ್ಧ ದಾರಿ ಕಳೆದ ಮೇಲೆ,
ರೇಂಜರ್ ಕಚೇರಿಯೆದುರಿನ ಹಲಗೆಯಲ್ಲಿ
ಮುಳ್ಳು ಕೆಂಪಿಗೆ ಹೋಗಿ ನಿಂತಿತ್ತು.
"ಹಾಗಾದರೆ ಸಲಿಕೆ ಯಾಕೆ?"
"ಹಲಗೆ ಓದದವರೂ ಬರುತ್ತಾರೆ."

ತೊರೆಯ ಮೇಲಿನ ಬಯಲಲ್ಲಿ ಯಾರೋ ಬಿಟ್ಟುಹೋದ ಕಲ್ಲಿನ ಸುತ್ತು.
ಕರಗಿದ ಪ್ಲಾಸ್ಟಿಕ್ ಚಮಚ, ಮಗುವಿನ ಒಂಟಿ ಕಾಲುಚೀಲ,
ನಡುವೆ ಬೂದಿ, ಮಲಗಿದ ಬೆಕ್ಕಿನಷ್ಟು ಸಾಧು.
ಅತ್ತೆ ಮಂಡಿಯೂರಿ
ಅಂಗೈಯನ್ನಲ್ಲ, ಕೈಯ ಹಿಂಬದಿಯನ್ನು
ಅದರ ಮೇಲೆ ಹಿಡಿದಳು, ಜ್ವರ ನೋಡುವ ಹಾಗೆ.
"ಅಂಗೈ ನಂಬಬೇಡ. ದುಡಿದು ದುಡಿದು ದಡ್ಡುಗಟ್ಟಿದೆ."

ಬೂದಿ ಮುಚ್ಚಿದ ಕೆಂಡ ಎಂದು ಮನುಷ್ಯರಿಗೆ ಹೇಳುತ್ತಾರೆ.
ಇಲ್ಲಿ ಅದು ಕೆಂಡವೇ ಆಗಿತ್ತು.
ಸಲಿಕೆ ಮಗುಚಿದಲ್ಲಿ ಒಂದು ಕೆಂಪು ಕಣ್ಣು,
ಕಣ್ಣಿನಾಚೆಗೆ ಪೈನ್ ಮರದ ಬೇರು,
ಮಣ್ಣೊಳಗೇ ಹೊಗೆಯುತ್ತ
ಯಾರಿಗೂ ಹೇಳದೆ ಮರದ ಕಡೆ ಹೊರಟಿತ್ತು ಬೆಂಕಿ.

ಅವಳು ಬೇರು ಕಡಿದಳು. ಅಗೆದಳು. ಇನ್ನೂ ಮುಂದೆ ಅಗೆದಳು.
ತೊರೆಗೂ ಬೂದಿಗೂ ನಡುವೆ ನಾನು, ಬಕೆಟ್ಟು,
ಅರ್ಧ ನೀರು ನನ್ನ ಬೂಟಿಗೆ.
ಸುರಿ, ಕಲಸು, ಮುಟ್ಟು.
ಸುರಿ, ಕಲಸು, ಮುಟ್ಟು.
ಮೂವತ್ತರವರೆಗೆ ಎಣಿಸಿದೆ, ಆಮೇಲೆ ತಪ್ಪಿತು.
ಬೂದಿ ಉಗುಳಿತು, ಬುಸುಗುಟ್ಟಿತು, ಕೊನೆಗೆ
ಗಂಜಿಯ ಹಾಗೆ ದಪ್ಪಗಾಗಿ ಸುಮ್ಮನಾಯಿತು.

"ಎಂಥ ಜನ ಅತ್ತೆ, ಹೀಗೆ ಬಿಟ್ಟುಹೋಗುವವರು?"
ಅವಳು ಕಣಿವೆಯಾಚೆ ನೋಡುತ್ತಿದ್ದಳು.
ಅಲ್ಲಿ ಇಡೀ ಗುಡ್ಡ ಸತ್ತು ನಿಂತಿದೆ,
ತೊಗಟೆ ಕಳಚಿದ ಬೆಳ್ಳಿ ಕಂಬಗಳು,
ಕೆಳಗೆ ಇಸವಿ ಬರೆದ ಒಂದು ಫಲಕ.
"ಒಳ್ಳೆಯ ಜನವೇ," ಎಂದಳು ತಡವಾಗಿ.
"ಕತ್ತಲಾಗುವುದರೊಳಗೆ ಮನೆ ಸೇರಬೇಕಿತ್ತು.
ಬೂದಿ ಬೆಳ್ಳಗಿತ್ತು. ತಣ್ಣಗಿದೆ ಅಂದುಕೊಂಡರು."

ಬಕೆಟ್ಟಿನ ಕಿವಿಯ ಪಕ್ಕ ಮೊಳೆಯಲ್ಲಿ ಗೀರಿದ ಇಸವಿಯೊಂದಿದೆ.
ಎರಡನ್ನೂ ಓದಿದ್ದೇನೆ.
ಕೇಳಿಲ್ಲ.

ಮಾರ್ಷ್‌ಮ್ಯಾಲೋ ಹಸಿಯಾಗಿಯೇ ತಿಂದೆವು, ಹಲ್ಲಿಗೆ ಅಂಟಿತು.
ನಡುರಾತ್ರಿ ಗುಡಾರದ ಜಿಪ್ಪಿನ ಸದ್ದು.
ಟಾರ್ಚ್ ಇಲ್ಲದೆ ಕೂತಿದ್ದಳು, ತಣ್ಣನೆಯ ಕೆಸರಿಗೆ
ಕೈಯ ಹಿಂಬದಿ ಒತ್ತಿ.
ಎಷ್ಟನೆಯ ಸಲವೋ.
ಮರಳಿ ಬಂದವಳು ನನ್ನನ್ನೂ ಮುಟ್ಟಿ ನೋಡಿದಳು.

ಬೆಳಿಗ್ಗೆ ತೊರೆಗೆ ಬಾಗಿದಾಗ
ನನ್ನ ಹಣೆಯ ಮೇಲೆ ಬೂದಿಯಿತ್ತು.