ಎಡಗಣ್ಣಿನ ಚುಕ್ಕೆ

ನಾನು ದೋಣಿಗೆ ಕಣ್ಣು ಬರೆಯುವವನು.
ನಲವತ್ತೊಂದು ವರ್ಷದಿಂದ ಇದೇ ಕೆಲಸ:
ಮೂತಿಯ ಎರಡೂ ಬದಿಗೆ ಒಂದೊಂದು,
ಹುಬ್ಬು ಸಮೇತ, ನೀಲಿ.
ಕಣ್ಣಿಲ್ಲದ ದೋಣಿ ಮನೆಯ ದಾರಿ ಮರೆಯುತ್ತದೆ
ಅನ್ನುತ್ತಿದ್ದರು ಹಿರಿಯರು.
ದಿಕ್ಸೂಚಿ ಬಂದ ಮೇಲೂ ಯಾರೂ ರೂಢಿ ಬಿಡಲಿಲ್ಲ.

ನಮ್ಮ ದ್ವೀಪ ಎಷ್ಟು ಚಿಕ್ಕದೆಂದರೆ
ಈ ದಡದಲ್ಲಿ ಸೀನಿದರೆ ಆ ದಡದವರು
'ದೇವರು ಕಾಯಲಿ' ಅನ್ನುತ್ತಾರೆ.
ಕಳ್ಳನೂ ಪೊಲೀಸನೂ ಒಂದೇ ಪಾದ್ರಿಯ ಮುಂದೆ
ಮೊಣಕಾಲೂರುತ್ತಾರೆ, ಬೇರೆ ಬೇರೆ ವಾರ.
ಮಂತ್ರಿ ನನ್ನ ತಂಗಿಯ ಗಂಡನಿಗೆ ದೊಡ್ಡಪ್ಪನ ಮಗ.
ಹಾಗೆ ನೋಡಿದರೆ ಎಲ್ಲರಿಗೂ ಏನೋ ಒಂದು.

ವಿಸ್ಟಿನ್‌ನ ದೋಣಿಗಳು ಬಲೆಯಿಲ್ಲದೆ ಹೊರಡತೊಡಗಿದ್ದು
ಯಾವ ವರ್ಷವೋ ನೆನಪಿಲ್ಲ.
ಮಧ್ಯರಾತ್ರಿ ಹೋಗಿ, ಬೆಳಕು ಹರಿಯುವ ಮುಂಚೆ
ಕುತ್ತಿಗೆಮಟ್ಟ ಮುಳುಗಿ ಬರುತ್ತಿದ್ದವು.
ಹಲಗೆಯ ಮೇಲೆ ಮೀನಿನ ಪೊರೆ ಒಂದೂ ಇಲ್ಲ.
ಕಟ್ಟೆಯ ಬೆಕ್ಕುಗಳು ಮೂಸಿ ನೋಡಿ
ಮುಖ ತಿರುಗಿಸಿ ಹೋದವು.
ನಮಗಿಂತ ಮೊದಲು ಅವಕ್ಕೆ ತಿಳಿಯಿತು,
ಡೀಸೆಲ್ ಎಂದು.

ಆಮೇಲೆ ಬಂದವು ನೋಡಿ:
ಇಗರ್ಜಿಗೆ ಹೊಸ ಗಂಟೆ, ಬ್ಯಾಂಡಿನವರಿಗೆ ಹಿತ್ತಾಳೆ ತುತ್ತೂರಿ,
ಸಂತನ ಹಬ್ಬಕ್ಕೆ ಮೂರು ರಾತ್ರಿ ಬಾಣಬಿರುಸು.
ವಿಸ್ಟಿನ್‌ನ ಮೊಮ್ಮಗಳಿಗೆ ಮಂತ್ರಿಯೇ ಜ್ಞಾನತಂದೆ,
ಮಗುವನ್ನು ಎತ್ತಿಕೊಂಡ ಕೈಗೆ ಹೊಸ ಗಡಿಯಾರ.
ನಾನೂ ಹೋಗಿದ್ದೆ. ಬಾದಾಮಿ ಮಿಠಾಯಿ ಚೆನ್ನಾಗಿತ್ತು.
ಎರಡು ಜೇಬಿಗಿಳಿಸಿದೆ, ಹೆಂಡತಿಗೆಂದು.

ಸ್ಪೀರು ಮಾತ್ರ ಬರೆದುಕೊಳ್ಳುತ್ತಿದ್ದ.
ಬಂದರಿನ ಪೇದೆ, ಸಣ್ಣ ಆಳು.
ಎಡಗಣ್ಣಿನ ಕಂದು ಪಾಪೆಯಲ್ಲಿ ಒಂದು ಹಳದಿ ಚುಕ್ಕೆ.
ಚೌಕುಳಿ ಪುಸ್ತಕದಲ್ಲಿ ದೋಣಿಯ ನಂಬರು, ಗಂಟೆ,
ನೀರು ಎಷ್ಟು ಗೇಣು ಮೇಲೇರಿತ್ತೆಂಬ ಲೆಕ್ಕ.
'ಯಾಕೋ ಮಾರಾಯ' ಅಂದೆ.
'ಅಭ್ಯಾಸ' ಅಂದ.
ಪುಸ್ತಕ ಮೇಲಿನವರಿಗೆ ಹೋಯಿತು,
ಮೇಲಿನವರಿಂದ ಅದಕ್ಕೂ ಮೇಲಿನವರಿಗೆ,
ಅಲ್ಲಿಂದ ಸೀದಾ ಇಳಿದು ವಿಸ್ಟಿನ್‌ನ ಊಟದ ಮೇಜಿಗೆ.
ಸ್ಪೀರುವನ್ನು ಉಪ್ಪಿನ ಮಡಿ ಕಾಯಲು ಹಾಕಿದರು,
ಉಪ್ಪನ್ನು ಯಾರೂ ಕದಿಯದ ಮೂಲೆಯಲ್ಲಿ.

ಫೆಬ್ರವರಿಯಲ್ಲಿ ಅವನ ಮೊಪೆಡ್ ಸಿಕ್ಕಿತು, ಕಡಿಬಂಡೆಯ ಕೆಳಗೆ.
ಗಾಳಿ ಜೋರಿತ್ತು ಎಂದಿತು ವರದಿ.
ಆ ರಾತ್ರಿ ನನ್ನ ಅಂಗಳದಲ್ಲಿ
ಬಣ್ಣ ತೊಟ್ಟಿಕ್ಕದಿರಲೆಂದು ಹಾಸಿದ್ದ ಪತ್ರಿಕೆ
ಅಲುಗಿರಲಿಲ್ಲ.
ಇದನ್ನು ನಾನು ಯಾರಿಗೂ ಹೇಳಲಿಲ್ಲ.
ಯಾರೂ ಕೇಳಲೂ ಇಲ್ಲ.

ಈಸ್ಟರ್ ಕಳೆದು ವಿಸ್ಟಿನ್ ಬಂದ.
ಉಕ್ಕಿನ ಹಡಗು ಕೊಂಡಿದ್ದ, ಇಪ್ಪತ್ತೆರಡು ಮೀಟರು.
'ನಮ್ಮಜ್ಜನ ಕಾಲದಂತೆ ಕಣ್ಣು ಬರಿ,
ಮಂತ್ರಿ ಬರುತ್ತಾರೆ, ಫೋಟೋ ಇದೆ.'
ಮುಂಗಡದ ನೋಟಿಗೆ ಡೀಸೆಲ್ ವಾಸನೆ.
ಇಸಕೊಂಡೆ. ಸುಳ್ಳು ಯಾಕೆ,
ಎರಡು ಸಲ ಎಣಿಸಿಯೂ ನೋಡಿದೆ.

ಏಣಿಯ ಮೇಲೆ ನಾಲ್ಕು ದಿನ.
ಕೈ ನೀಲಿ ಡಬ್ಬಿಗೆ ಹೋಗಲೊಲ್ಲದು.
ತನ್ನಷ್ಟಕ್ಕೆ ತಾನೇ ಕಂದು ಕಲಸಿತು,
ಒಂದಿಷ್ಟು ಕಪ್ಪು, ಒಂದಿಷ್ಟು ತುಕ್ಕಿನ ಕೆಂಪು.
ಕೊನೆಗೆ ಎಡಗಣ್ಣಿಗೆ, ಬೆರಳ ತುದಿಯಿಂದ,
ಒಂದು ಹಳದಿ ಚುಕ್ಕೆ.

ಮಂತ್ರಿ ಸರಿಯಾಗಿ ಅದರ ಕೆಳಗೇ ನಿಂತರು.
ತಲೆಯೆತ್ತಿದ ತುತ್ತೂರಿಯವನಿಗೆ ಒಂದು ಸ್ವರ ತಪ್ಪಿತು.
ತೀರ್ಥ ಚಿಮುಕಿಸುವ ಪಾದ್ರಿಯ ಕೈ
ಗಾಳಿಯಲ್ಲಿ ಒಂದು ಗಳಿಗೆ ತಡೆದು, ಮತ್ತೆ ಚಿಮುಕಿಸಿತು.
ಊರಿಗೆ ಊರೇ ನೋಡಿತು.
ಊರಿಗೆ ಊರೇ ಚಪ್ಪಾಳೆ ತಟ್ಟಿತು.
'ನೀಲಿ ಮುಗಿದಿತ್ತಾ?' ವಿಸ್ಟಿನ್ ಮೆಲ್ಲಗೆ ಕೇಳಿದ.
'ಮುಗಿದಿತ್ತು' ಅಂದೆ.
ನನ್ನ ಭುಜದ ಮೇಲಿಟ್ಟ ಕೈಯನ್ನು ಅವನು
ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಇಟ್ಟ.

ಸಂಜೆ ಕುರ್ಚಿಗಳನ್ನು ಮಡಚುವ ಹೊತ್ತಿಗೆ
ಸ್ಪೀರುವಿನ ಹೆಂಡತಿ ನಝರೇನಾ ಬಂದಳು,
ಕೈಯಲ್ಲಿ ಖಾಲಿ ಬುಟ್ಟಿ.
ಹಡಗಿನ ಮುಂದೆ ಬಹಳ ಹೊತ್ತು ನಿಂತಳು.

'ರೆಪ್ಪೆ ಬರೆದಿಲ್ಲ' ಅಂದಳು.

'ದೋಣಿಗೆ ರೆಪ್ಪೆ ಬರೆಯುವ ರೂಢಿ ಇಲ್ಲ'
ಅಂದೆ.