ಗುಮಟೆ ಕಾಯಿಸುವ ಹೊತ್ತು

ಹೋದ ವರ್ಷ ಸುಗ್ಗಿಯ ಎರಡನೇ ದಿನ
ಅವರ್ಸಾದ ಒಂದು ಅಂಗಳದಲ್ಲಿ
ಎಡಗಾಲು ಟಕ್ಕೆಂದಿತು.
ಯಾರೋ ಕಲ್ಲು ಬೀರಿದರೆಂದು ತಿರುಗಿ ನೋಡಿದೆ.
ಹಿಂದೆ ತುಳಸಿಕಟ್ಟೆ, ಒಂದು ನಾಯಿ.
ಮೀನಖಂಡವೆಂದು ಸುಮ್ಮನೆ ಹೆಸರಿಟ್ಟಿಲ್ಲ ಹಿರಿಯರು,
ಬಲೆಯೊಳಗಿನ ಬಂಗಡೆಯಂತೆ ಒಮ್ಮೆ ಹೊರಳಿ
ಗಂಟಾಗಿ ಕೂತಿತು.

ತುರಾಯಿ ಆಟೋದಲ್ಲಿ ಹಿಡಿಸಲಿಲ್ಲ.
ಅದನ್ನು ಬಿಚ್ಚಿ ಇನ್ನೊಬ್ಬನ ತಲೆಗೆ ಕಟ್ಟಿ
ನನ್ನನ್ನು ಹೇರಿ ಕಳಿಸಿದರು.

ಕಾರವಾರದ ದೊಡ್ಡಾಸ್ಪತ್ರೆಯಲ್ಲಿ ರೆನಿಟಾ ಬಾಯಿ
ಕಾಲು ಒತ್ತುತ್ತ ಕೇಳಿದಳು, ಏನು ಕೆಲಸ?
ಕಂಡಕ್ಟರ್, ಅಂಕೋಲಾ ಡಿಪೋ,
ದಿನಕ್ಕೆ ಹತ್ತು ತಾಸು ನಿಂತೇ ಇರ್ತೆ, ಕಾಲು ಗಟ್ಟಿ.
ನಿಲ್ಲೋದು ಬೇರೆ, ಹಾರೋದು ಬೇರೆ ಮಾರಾಯ್ರೆ,
ವರ್ಷವಿಡೀ ಮಲಗಿದ್ದನ್ನು ಒದ್ದು ಎಬ್ಬಿಸಿ
ಐದು ದಿನ ಕುಣಿ ಅಂದ್ರೆ
ಅದು ಯಾರ ಮಾತು ಕೇಳಬೇಕು?

ಈ ಸಲ ಸಂಕ್ರಾಂತಿ ಕಳೆದದ್ದೇ
ಕೇಣಿಯ ದಂಡೆಯಲ್ಲಿ, ಇಳಿತದ ಹೊತ್ತು,
ಗಟ್ಟಿ ಮರಳಿನ ಮೇಲೆ ಬರೀ ನಡಿಗೆ.
ಒಂದು ವಾರ. ಆಮೇಲೆ ತುಸು ಬಿರುಸು.
ಆಮೇಲೆ ನಾಲ್ಕು ಹೆಜ್ಜೆ ಓಟ, ಮತ್ತೆ ನಡಿಗೆ.
ಮೀನು ಹೆಕ್ಕುವ ಹೆಂಗಸರು ನಕ್ಕರು:
ಕಂಡಕ್ಟ್ರೇ, ಬಸ್ಸು ತಪ್ಪಿತಾ?

ಡಿಪೋದಲ್ಲಿ ಬಸ್ಸು ನಿಂತಾಗ
ಮೆಟ್ಟಿಲ ಅಂಚಿಗೆ ಮುಂಗಾಲೂರಿ
ಹಿಮ್ಮಡಿ ಎತ್ತುವುದು, ತಡೆದು ತಡೆದು ಇಳಿಸುವುದು.
ಹದಿನೈದಕ್ಕೆ ತೊಡೆ ನಡುಗಿದರೆ ಹದಿನಾರಿಲ್ಲ.
ಲೆಕ್ಕ ಟಿಕೆಟ್ಟಿನ ಹಿಂಬದಿಯಲ್ಲಿ.

ತುರಾಯಿಯ ಭಾರಕ್ಕೆಂದು ತಲೆ ಮೇಲೆ ಸಿಂಬೆ,
ಸಿಂಬೆಯ ಮೇಲೆ ಕಾಲು ಕೊಡ ನೀರು,
ಅಂಗಳದಲ್ಲಿ ಮೂರು ಸುತ್ತು.
ಮಂಕಾಳಿ ಬಾಗಿಲಿಗೊರಗಿ ನೋಡಿದಳು:
ಇಪ್ಪತ್ತು ವರ್ಷ ಇದನ್ನೇ ಮಾಡ್ದೆ ನಾನು,
ತುಂಬಿದ ಕೊಡ.
ನನ್ನ ಕುತ್ತಿಗೆಗೆ ಯಾವ ಬಾಯಿಯೂ ಲೆಕ್ಕ ಹೇಳ್ಲಿಲ್ಲ.
ನಾನು ಕೊಡ ಇಳಿಸಿದೆ. ಉತ್ತರ ಇರಲಿಲ್ಲ.
ಮರುದಿನದಿಂದ ಬಾವಿಯ ದಾರಿ ನನ್ನದು.

ಇವತ್ತು ಸುಗ್ಗಿ ಹೊರಡುವ ಸಂಜೆ.
ಒಣಹುಲ್ಲಿನ ಬೆಂಕಿಗೆ ಗುಮಟೆಯ ಬಾಯಿ ಹಿಡಿದು
ಕೆರಿಯಜ್ಜ ಕೂತಿದ್ದಾನೆ.
ಬೆರಳಲ್ಲಿ ತಟ್ಟುತ್ತಾನೆ, ದಬ್.
ಇನ್ನೂ ಇಲ್ಲ.
ತಿರುಗಿಸುತ್ತಾನೆ, ಮತ್ತೆ ಹಿಡಿಯುತ್ತಾನೆ, ಅವಸರವಿಲ್ಲ.
ಗೆಜ್ಜೆ ಕಟ್ಟಿದ ಹುಡುಗರು ಗುಲ್ಲೆಬ್ಬಿಸುತ್ತಾರೆ,
ಹೊಡಿ ಅಜ್ಜ, ಬೇಗ!
ತೊಗಲು ಕಾಯ್ದೆ ಹೊಡೆದ್ರೆ ಬಿರೀತದೆ ತಮಾ,
ಅನ್ನುತ್ತಾನೆ, ಯಾರ ಮುಖವನ್ನೂ ನೋಡದೆ.

ನಾನು ಗೋಡೆಗೆ ಕೈಯೂರಿ
ಎಡಗಾಲು ಹಿಂದಕ್ಕೆ ಚಾಚಿದ್ದೇನೆ.
ಗೋಡೆ ದೂಡಿ ಮನೆ ಬೀಳಿಸ್ತ್ಯಾ ಮಾವ?
ಎಂದ ಹಮ್ಮಣ್ಣನ ಮಗ.
ಸ್ವಲ್ಪ ಹೊತ್ತಿಗೆ ನೋಡುತ್ತೇನೆ,
ಅವನ ಕೈಯೂ ಗೋಡೆಯ ಮೇಲೆ.

ದಿಂ.

ಹೊರಟೆವು. ಒಂದು ಅಂಗಳ, ಎರಡು ಅಂಗಳ.
ತುರಾಯಿಯ ಬಣ್ಣದ ಬೆಂಡು ಕಣ್ಣ ಮುಂದೆ ತೂಗುತ್ತ,
ಹೋ ಚೋ, ಹೋ ಚೋ.
ಮೂರನೆಯದರಲ್ಲಿ ಮೀನು
ಒಮ್ಮೆ, ತೀರ ಸಣ್ಣಗೆ, ಮಿಡುಕಿತು.

ನಿಂತೆ.
ಹೋದ ವರ್ಷವೂ ಮೊದಲು ಹೀಗೇ ಮಿಡುಕಿತ್ತು,
ಈಗ ನೆನಪಾಗುತ್ತದೆ.

ತುರಾಯಿ ಬಿಚ್ಚಿ ಹುಡುಗನಿಗೆ ಕಟ್ಟಿ
ಜಗಲಿಯಲ್ಲಿ ಕೂತು ನೀರು ಕುಡಿದೆ.
ಹೋಳಿಗೆ ಇನ್ನೂ ನಾಲ್ಕು ದಿನ ಇದೆ.